ಹಕೀಮ ನಂಜುಂಡನ ಊರಲ್ಲಿ ಗುಲಾಬಿ ರೋಗಿಗಳು

ಮೂರು ಲೋಕದಲ್ಲಿ ದಾಖಲಾದ ಮೊದಲ 'ನೀಲಿ ಕೇಸು' ನಮ್ಮ ನಂಜನಗೂಡಿನದು. ರೋಗಿಯ ಹೆಸರು: ಶ್ರೀಕಂಠೇಶ್ವರ. ವಿಳಾಸ: ಕಪಿಲೆಯ ದಂಡೆ. ಪೂರ್ವ ಚರಿತ್ರೆ: ಸಮುದ್ರ ಕಡೆಯುವಾಗ ಎದ್ದ ಹಾಲಾಹಲವನ್ನು ಯಾರ ಸಲಹೆಯನ್ನೂ ಕೇಳದೆ ಕುಡಿದದ್ದು. ಪ್ರಥಮ ಚಿಕಿತ್ಸೆ: ಹೆಂಡತಿ ಓಡಿಬಂದು ಕುತ್ತಿಗೆ ಅಮುಕಿ ಹಿಡಿದದ್ದು. ಲಕ್ಷಣ: ಕಂಠ ನೀಲಿ. ಸದ್ಯದ ಸ್ಥಿತಿ: ಆರೋಗ್ಯವಾಗಿದ್ದಾರೆ, ವರ್ಷಕ್ಕೊಮ್ಮೆ ದೊಡ್ಡ ಜಾತ್ರೆಯಲ್ಲಿ ಪಂಚರಥದ ಮೆರವಣಿಗೆ ಹೊರಡುತ್ತಾರೆ.

ಈ ರೋಗಿ ಆಮೇಲೆ ತಾನೇ ಡಾಕ್ಟರಾದ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಕಾಣದಾದಾಗ ಇಲ್ಲಿಗೆ ಹರಕೆ ಹೊತ್ತರಂತೆ, ದೃಷ್ಟಿ ಬಂತಂತೆ, ಸುಲ್ತಾನ ಸಂತೋಷಪಟ್ಟು 'ಹಕೀಮ ನಂಜುಂಡ' ಎಂದು ಕರೆದು ಪಚ್ಚೆಲಿಂಗ ಅರ್ಪಿಸಿದನಂತೆ. ನೀಟ್ ಬರೆಯದೆ, ಡೊನೇಶನ್ ಕಟ್ಟದೆ ಈ ಜಿಲ್ಲೆಯಲ್ಲಿ ವೈದ್ಯನಾದವನು ಅವನೊಬ್ಬನೇ ಇರಬೇಕು. ಮೈಗೆ ಹುಣ್ಣು, ತುರಿ, ತೊನ್ನು ಎದ್ದವರು ಇಂದಿಗೂ ಕಪಿಲೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಉರುಳುಸೇವೆ ಮಾಡುತ್ತಾರೆ. ಹೊರರೋಗಿ ವಿಭಾಗದ ಕ್ಯೂ ಅಂದಿನಿಂದ ಕರಗಿಲ್ಲ.

ದೇವರ ನೀಲಿ ಎಲ್ಲರಿಗೂ ಕಾಣುತ್ತದೆ, ಏಕೆಂದರೆ ಕ್ಯಾಲೆಂಡರಿನ ಚಿತ್ರಗಾರ ಧಾರಾಳವಾಗಿ ಬಳಿದಿದ್ದಾನೆ. ಭಕ್ತರ ನೀಲಿಯದೇ ತೊಂದರೆ. ಅದು ಯಾರಿಗೂ ಕಾಣುವುದಿಲ್ಲ.

ರಕ್ತಕ್ಕೆ ಆಮ್ಲಜನಕ ಸಾಲದೆ ಹೋದರೆ ತುಟಿ, ನಾಲಗೆ, ಉಗುರು ನೀಲಿಗಟ್ಟುತ್ತವೆ. ಡಾಕ್ಟರಿಕೆಯಲ್ಲಿ ಇದಕ್ಕೆ ಸಯನೋಸಿಸ್ ಎಂದು ಹೆಸರು. ಪುಸ್ತಕದಲ್ಲಿ ಇದರ ಚಿತ್ರ ಬಹಳ ಸೊಗಸು: ಹಾಲಿನಂಥ ಮುಖ, ಅದರ ಮೇಲೆ ನೇರಳೆ ಹಣ್ಣು ತಿಂದಂಥ ತುಟಿ. ದಾರಿಯಲ್ಲಿ ಹೋಗುವ ದಾಸಯ್ಯನೂ ಗುರುತಿಸಬಹುದು. ಈ ಚಿತ್ರವನ್ನು ಗಟ್ಟಿ ಹೊಡೆದ ಹುಡುಗ ಇಂಟರ್ನ್ ಆಗಿ ತಿ. ನರಸೀಪುರದ ಕಡೆಯ ಹಳ್ಳಿಗೆ ಬರುತ್ತಾನೆ. ಎದುರಿಗೆ ಎಪ್ಪತ್ತರ ಅಜ್ಜಿ. ಗದ್ದೆಯಲ್ಲಿ ನಾಟಿ ಹಾಕಿ ಹಾಕಿ ಬಿಸಿಲಲ್ಲಿ ಬೆಂದ ಬಣ್ಣ. ಮೇಲಾಗಿ, ಬೆಳಗಿನಿಂದ ಮೂರು ಸಲ ಎಲೆಅಡಿಕೆ ಹಾಕಿ ತುಟಿ ರಕ್ತಗೆಂಪು. ಹುಡುಗ ತುಟಿ ನೋಡುತ್ತಾನೆ, ಕೆಂಪಗಿದೆ. ಉಗುರು ನೋಡುತ್ತಾನೆ, ಗೋರಂಟಿ ಮೆತ್ತಿದೆ. ಕೇಸ್ ಶೀಟಿನಲ್ಲಿ ಬರೆಯುತ್ತಾನೆ: 'ಸಯನೋಸಿಸ್ ಇಲ್ಲ.' ಅಜ್ಜಿ ಪಕ್ಕದಲ್ಲೇ ಕುಳಿತು ತಿದಿ ಒತ್ತಿದಂತೆ ಉಸಿರೆಳೆಯುತ್ತಿದ್ದಾಳೆ.

ಹುಡುಗನನ್ನು ಬೈಯಬೇಡಿ. ಅವನಿಗೆ ಕಲಿಸಿದ ನೀಲಿ ಬೇರೆ, ಅಜ್ಜಿಯ ನೀಲಿ ಬೇರೆ. ಕಪ್ಪು ಚರ್ಮದಲ್ಲಿ ಆ ನೀಲಿ ಬೂದಿಯಂತೆ, ಸೀಸದಂತೆ ಮಂಕಾಗಿರುತ್ತದೆ. ತುಟಿಯ ಹೊರಗಡೆ ಹುಡುಕಿದರೆ ಸಿಗುವುದಿಲ್ಲ, ಒಳಮಗ್ಗುಲು ಮಡಿಸಿ ನೋಡಬೇಕು, ನಾಲಗೆ ಹೊರಗೆ ಹಾಕಿಸಬೇಕು, ಕಣ್ಣಿನ ಕೆಳರೆಪ್ಪೆ ಎಳೆಯಬೇಕು. ಇದು ಪುಸ್ತಕದಲ್ಲಿ ಇಲ್ಲವೆಂದಲ್ಲ. ಇದೆ, ಒಂದು ಸಾಲು, ಸಣ್ಣ ಅಕ್ಷರದಲ್ಲಿ. ಪರೀಕ್ಷೆಗೆ ಬರುವುದು ದೊಡ್ಡ ಚಿತ್ರ.

ಇದರ ಮೇಲೆ ಇನ್ನೊಂದು ತಮಾಷೆಯಿದೆ, ನಗು ಬರುವುದಿಲ್ಲ. ನೀಲಿ ಕಾಣಬೇಕಾದರೆ ನೂರು ಮಿಲಿಲೀಟರ್ ರಕ್ತದಲ್ಲಿ ಸುಮಾರು 5 ಗ್ರಾಂ ಹಿಮೋಗ್ಲೋಬಿನ್ ಆಮ್ಲಜನಕವಿಲ್ಲದೆ ಬರಿಗೈಯಲ್ಲಿರಬೇಕು ಎನ್ನುವುದು ಹಳೆಯ ಲೆಕ್ಕ. 15 ಗ್ರಾಂ ಇರುವ ಗಟ್ಟಿ ಆಳಿಗೆ ಇದು ಮೂರರಲ್ಲೊಂದು ಪಾಲು, ಬೇಗ ನೀಲಿಯಾಗುತ್ತಾನೆ, ಬೇಗ ಸಿಕ್ಕಿಬೀಳುತ್ತಾನೆ. 7 ಗ್ರಾಂ ಇರುವ ಕೂಲಿ ಹೆಣ್ಣುಮಗಳಲ್ಲಿ ಐದು ಖಾಲಿಯಾಗಬೇಕೆಂದರೆ ಉಳಿಯುವುದು ಎರಡು. ಅಷ್ಟು ಹೊತ್ತಿಗೆ ಆಕೆಯೇ ಉಳಿದಿರುವುದಿಲ್ಲ. ಕರ್ನಾಟಕದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಂದರೆ ನೀಲಿಯಾಗುವುದಕ್ಕೂ ಉಂಡು ತಿಂದ ಮೈ ಇರಬೇಕು. ಬಡವಿಗೆ ಆ ಯೋಗವೂ ಇಲ್ಲ.

ಇನ್ನು ಗುಲಾಬಿಗೆ ಬರೋಣ. ಶ್ವಾಸಕೋಶ ಸವೆದು ದೀರ್ಘಕಾಲ ಉಬ್ಬಸ ಪಡುವವರನ್ನು 1950ರ ದಶಕದ ಇಂಗ್ಲೆಂಡಿನ ಡಾಕ್ಟರರು ಎರಡು ಪಂಗಡ ಮಾಡಿದರು. ಮೈ ಗುಲಾಬಿಯಾಗಿದ್ದು ಏದುಸಿರು ಬಿಡುವವರು 'ಪಿಂಕ್ ಪಫರ್'. ನೀಲಿಗಟ್ಟಿ ಊದಿಕೊಂಡವರು 'ಬ್ಲೂ ಬ್ಲೋಟರ್'. ಇಂಗ್ಲೆಂಡಿನ ಚಳಿಯಲ್ಲಿ ಇದು ಸರಿಯೇ ಇದ್ದೀತು. ಈ ಪಂಗಡಗಳು ಈಗ ಹಳತಾದವು ಎಂದು ತಿಳಿದವರು ಹೇಳುತ್ತಾರೆ. ನಮ್ಮ ವೈವಾ ಪರೀಕ್ಷೆಯ ಮೇಜಿನ ಮೇಲೆ ಹಳತು ಎಂಬುದೇ ಇಲ್ಲ. ನಂಜನಗೂಡಿನ ಸಂತೆಯಲ್ಲಿ ನಿಂತು ಇಡೀ ದಿನ ಹುಡುಕಿ, ಗುಲಾಬಿ ಮನುಷ್ಯ ಒಬ್ಬ ಸಿಕ್ಕರೆ ಹೇಳಿ. ನಮ್ಮಲ್ಲಿ ಇರುವವು ಎಣ್ಣೆಗೆಂಪು, ಗೋಧಿಬಣ್ಣ, ನಸುಗಪ್ಪು, ಕಪ್ಪು, ಕಡುಗಪ್ಪು. ಮದುವೆ ದಲ್ಲಾಳಿ ಸೇರಿಸುವ 'ಕಪ್ಪಾದರೂ ಲಕ್ಷಣ' ಎಂಬುದು ಆರನೆಯದು. ವೈದ್ಯಶಾಸ್ತ್ರಕ್ಕೆ ಇವು ಯಾವುವೂ ಗೊತ್ತಿಲ್ಲ. ದಲ್ಲಾಳಿಗೆ ಗೊತ್ತಿರುವಷ್ಟು ಬಣ್ಣ ಎಂ.ಡಿ. ಮಾಡಿದವರಿಗೆ ತಿಳಿಯದು ಎಂದರೆ ಯಾರನ್ನು ದೂರೋಣ?

ಚರ್ಮದ ಬಣ್ಣ ಅಳೆಯಲು ಅಮೆರಿಕದ ಚರ್ಮತಜ್ಞ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಒಂದು ಮಾಪನ ಮಾಡಿದರು. ಬಿಸಿಲಿಗೆ ಚರ್ಮ ಸುಡುತ್ತದೋ ಕಂದುತ್ತದೋ ಎಂಬುದರ ಮೇಲೆ ಮೊದಲು ಮಾಡಿದ್ದು ನಾಲ್ಕೇ ದರ್ಜೆ, ಬಿಳಿಯರಿಗಾಗಿ. ಆಮೇಲೆ ಜಗತ್ತಿನಲ್ಲಿ ಉಳಿದವರೂ ಇದ್ದಾರೆ ಎಂಬುದು ನೆನಪಾಗಿ ಐದು, ಆರು ಎಂದು ಎರಡನ್ನು ಹಿಂದುಗಡೆ ಜೋಡಿಸಿದರು. ಮುಂದಿನ ನಾಲ್ಕು ಸೀಟು ಅವರಿಗೆ. ಏಷ್ಯಾ, ಆಫ್ರಿಕಾ ಸೇರಿ ಹಿಂದಿನ ಎರಡು ಸೀಟಿನಲ್ಲಿ ಒತ್ತರಿಸಿಕೊಂಡು ಕೂರಬೇಕು. ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ ತಿ. ನರಸೀಪುರದವರಿಗೆ ಇದು ಅಭ್ಯಾಸವಿದೆ.

ರೋಗಲಕ್ಷಣಗಳನ್ನು ಹೋಲಿಸಲು ಪುಸ್ತಕ ಬಳಸುವ ಊಟದ ಮೆನು ನೋಡಿದರೆ ಇನ್ನೂ ಸ್ವಾರಸ್ಯ. ಒಂದು ಜ್ವರಕ್ಕೆ ಸ್ಟ್ರಾಬೆರಿ ನಾಲಗೆ. ಇಂಗಾಲದ ಮೊನಾಕ್ಸೈಡ್ ಕುಡಿದು ಸತ್ತವನಿಗೆ ಚೆರಿ ಕೆಂಪು. ಒಂದು ಬಗೆಯ ನ್ಯುಮೋನಿಯಾದ ಕಫಕ್ಕೆ ರೆಡ್ ಕರಂಟ್ ಜೆಲ್ಲಿ. ಯಕೃತ್ತಿನ ಕೀವಿಗೆ ಆಂಚೊವಿ ಸಾಸ್. ಹುಟ್ಟುಮಚ್ಚೆಗೆ ಪೋರ್ಟ್ ವೈನ್. ರಾಗಿಮುದ್ದೆ, ಉಪ್ಸಾರು ಉಂಡು ಬೆಳೆದ ಹುಡುಗಿ ಈ ಪಂಚತಾರಾ ಹೋಟೆಲಿನ ಮೆನುವನ್ನು ಬಾಯಿಪಾಠ ಮಾಡಿ, ಒಂದನ್ನೂ ತಿನ್ನದೆ, ಒಂದನ್ನೂ ನೋಡದೆ, ಡಾಕ್ಟರಾಗುತ್ತಾಳೆ. ಚರ್ಮದ ಮೇಲಿನ 'ಕಾಫೆ ಓ ಲೇ' ಮಚ್ಚೆ ಎಂದರೆ ಏನೆಂದು ಅವಳಿಗೆ ಫ್ರೆಂಚಿನಲ್ಲಿ ಹೇಳಿಕೊಡಬೇಕಾಯಿತು. ಅದು ಹಾಲು ಬೆರೆಸಿದ ಕಾಫಿ ಎಂದಿದ್ದರೆ ಸಾಕಿತ್ತು. ಕಾಫಿಪುಡಿಯ ದೊಡ್ಡ ಕಾರ್ಖಾನೆ ನಂಜನಗೂಡಿನಲ್ಲೇ ಇದೆ. ನಮ್ಮ ರಸಬಾಳೆಯ ಸಿಪ್ಪೆಯ ಮೇಲೆ ಏಳುವ ಚುಕ್ಕೆಗೆ ಹೋಲುವ ಒಂದಾದರೂ ಚರ್ಮರೋಗ ಜಗತ್ತಿನಲ್ಲಿ ಇರಲಾರದೆ? ಇದ್ದೀತು. ಹೆಸರಿಡುವ ಹೊತ್ತಿಗೆ ನಾವು ಅಲ್ಲಿರಲಿಲ್ಲ.

ನ್ಯಾಯವಾಗಿ ಹೇಳಬೇಕು: ನಮ್ಮವರೇ ಬರೆದ ಪುಸ್ತಕಗಳಿವೆ, ಭಾರತದ ಚರ್ಮತಜ್ಞರ ಸಂಘವೇ ಇಲ್ಲಿನ ಮೈಗಳ ಚಿತ್ರಗಳೊಂದಿಗೆ ದಪ್ಪ ಗ್ರಂಥ ತಂದಿದೆ. ಆದರೆ ಚರ್ಮಕ್ಕೆ ಕೋರ್ಸಿನಲ್ಲಿ ಸಿಗುವುದು ಬೆರಳೆಣಿಕೆಯ ವಾರ. ಲಂಡನ್ನಿನ ಸೇಂಟ್ ಜಾರ್ಜ್ಸ್ ವಿಶ್ವವಿದ್ಯಾಲಯದಲ್ಲಿ ಮಲೋನ್ ಮುಕ್ವೆಂಡೆ ಎಂಬ ವಿದ್ಯಾರ್ಥಿ ತರಗತಿಯಲ್ಲಿ ಕೈಯೆತ್ತಿ, 'ನನ್ನಂಥ ಚರ್ಮದಲ್ಲಿ ಇದು ಹೇಗೆ ಕಾಣುತ್ತದೆ?' ಎಂದು ಕೇಳತೊಡಗಿದ. ಉತ್ತರ ಸಿಗದೆ, ಇಬ್ಬರು ಅಧ್ಯಾಪಕರನ್ನು ಜತೆ ಮಾಡಿಕೊಂಡು 2020ರಲ್ಲಿ ಕಪ್ಪು, ಕಂದು ಮೈಗಳ ಕೈಪಿಡಿಯನ್ನೇ ತಂದ. ಹೆಸರು 'ಮೈಂಡ್ ದ ಗ್ಯಾಪ್', ಅಲ್ಲಿನ ರೈಲು ನಿಲ್ದಾಣದಲ್ಲಿ ಕೂಗುವ ಎಚ್ಚರಿಕೆ. ಲಂಡನ್ನಿನಲ್ಲಿ ಅವನಂಥವರು ಅಲ್ಪಸಂಖ್ಯಾತರು, ಕೇಳಿದ. ನಮ್ಮ ತರಗತಿಯಲ್ಲಿ ಪಾಠ ಮಾಡುವವರು, ಕೇಳುವವರು, ಹಾಸಿಗೆ ಮೇಲೆ ಮಲಗಿದವರು, ಬಾಗಿಲಲ್ಲಿ ನಿಂತ ಆಯಾ, ಎಲ್ಲರೂ ಅದೇ ಬಣ್ಣ. ಗೋಡೆಯ ಮೇಲಿನ ಸ್ಲೈಡಿನಲ್ಲಿರುವವನು ಮಾತ್ರ ಬಿಳಿ. ಕೈ ಎತ್ತುವವರಿಲ್ಲ, ಎತ್ತಿದರೆ ಇಂಟರ್ನಲ್ ಮಾರ್ಕ್ಸು ಹೋಗುತ್ತದೆ.

ಬಣ್ಣದ ಕಥೆ ಸಾಕು, ಹೊಗೆಯ ಕಥೆಗೆ ಬನ್ನಿ. ರಾಷ್ಟ್ರೀಯ ವೈದ್ಯಕೀಯ ಆಯೋಗ ಈಚೆಗೆ ಒಂದು ಒಳ್ಳೆಯ ಕೆಲಸ ಮಾಡಿದೆ, ವಿದ್ಯಾರ್ಥಿಗಳು ಹಳ್ಳಿಯ ಮನೆಗಳನ್ನು ದತ್ತು ತೆಗೆದುಕೊಳ್ಳಬೇಕು. ಬಿಳಿ ಕೋಟು ಹಾಕಿಕೊಂಡವರ ಬಸ್ಸು ಹಳ್ಳಿಗೆ ಬರುತ್ತದೆ. ಊರಿನವರು ಯಾವುದೋ ಚುನಾವಣೆ ಬಂತೆಂದು ಹೊರಗೆ ಬರುತ್ತಾರೆ. ಅರ್ಧ ಕನ್ನಡ ಕಲಿತ ಹುಡುಗ ಫಾರಂ ಬಿಚ್ಚುತ್ತಾನೆ. ಸಂಭಾಷಣೆ ಸುಮಾರಾಗಿ ಹೀಗೆ ನಡೆದೀತು:

"ಅಮ್ಮಾ, ಬೀಡಿ ಸೇದ್ತೀರಾ?"

"ಥೂ, ಬುಡಪ್ಪ. ಗಂಡುಸ್ರು ಸೇದ್ತಾರ."

"ಹಾಗಾದ್ರೆ ಸ್ಮೋಕಿಂಗ್ ಇಲ್ಲ."

"ಹೊಗೆಯಾ? ಅದ ದಿನಾ ಕುಡೀತೀನಿ ಕಣಪ್ಪ, ಹೊತ್ತಾರ ಒಂದು, ಬೈಗ ಒಂದು."

ಹುಡುಗ 'ಧೂಮಪಾನ: ಇಲ್ಲ' ಎಂಬ ಚೌಕಕ್ಕೆ ಟಿಕ್ ಹಾಕುತ್ತಾನೆ. ಫಾರಂ ಪೂರ್ತಿಯಾಯಿತು, ರೋಗಿ ಪೂರ್ತಿಯಾಗಲಿಲ್ಲ. ಆ ಒಂದು ಟಿಕ್ಕಿನ ಹಿಂದೆ ನಲವತ್ತು ವರ್ಷದ ಒಲೆಯಿದೆ: ತೆಂಗಿನ ಗರಿ, ಕಬ್ಬಿನ ತರಗು, ಬೆರಣಿ, ಮಳೆಗಾಲದಲ್ಲಿ ಹಸಿ ಸೌದೆ. ಊದುಕೊಳವೆ ಹಿಡಿದು ಊದಿ, ಬಿಟ್ಟ ಬಾಯಿಗೆ ಹೊಗೆ ಎಳೆದುಕೊಂಡು, ಮತ್ತೆ ಊದಿ. ಇದೇ ಹೆಂಗಸನ್ನು ಕೊನೆಗೆ ದೊಡ್ಡಾಸ್ಪತ್ರೆಗೆ ಕರೆದೊಯ್ದು ಸ್ಪೈರೋಮೀಟರ್ ಎಂಬ ಕೊಳವೆ ಬಾಯಿಗಿಟ್ಟು "ಜೋರಾಗಿ ಊದಮ್ಮ" ಎಂದರೆ ಆಕೆಗೆ ಆಶ್ಚರ್ಯ. ಅಡುಗೆ ಯಾವುದಕ್ಕೆ ಅಂತ.

ಈ ಒಲೆಯ ಲೆಕ್ಕವನ್ನು ಯಾರೂ ಮಾಡಿಲ್ಲವೆಂದುಕೊಂಡಿರಾ? ಮಾಡಿದ್ದಾರೆ, ಇಲ್ಲೇ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಶ್ವಾಸಕೋಶ ತಜ್ಞರ ತಂಡ ಮೈಸೂರು, ನಂಜನಗೂಡು ತಾಲ್ಲೂಕುಗಳ ಹಳ್ಳಿ ಹೆಂಗಸರನ್ನು ವಿಚಾರಿಸಿ, 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟಿಸಿತು. ಲೆಕ್ಕ ಮೂರನೇ ಕ್ಲಾಸಿನದು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ, ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕೆಮ್ಮು ಕಫದ ಬ್ರಾಂಕೈಟಿಸ್ ಅಪಾಯ ಗಣನೀಯ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಬೇಯಿಸಿದರೆ 60 ಆಯಿತು. ಹದಿನೆಂಟಕ್ಕೆ ಮದುವೆಯಾದವಳು ಮೂವತ್ತೆಂಟಕ್ಕೆ ಪಾಸು. ಅದೇ ಅಧ್ಯಯನದ ಇನ್ನೊಂದು ಮಾತು: ಮೈಸೂರಿನವರಿಗಿಂತ ನಂಜನಗೂಡಿನ ಹಳ್ಳಿ ಹೆಂಗಸರಿಗೆ ಅಪಾಯ ಹೆಚ್ಚು. ಹಾಲಾಹಲ ಕುಡಿದ ನಂಜುಂಡ ಗುಡಿಯೊಳಗಿದ್ದರೆ, ಅದನ್ನು ಕಂತಿನಲ್ಲಿ ಕುಡಿಯುವ ನಂಜುಂಡಿಯರು ಅಡುಗೆಮನೆಯಲ್ಲಿದ್ದಾರೆ. ಇವರ ಕುತ್ತಿಗೆ ಅಮುಕಿ ಹಿಡಿದು ವಿಷ ತಡೆಯಲು ಮಾತ್ರ ಯಾವ ಪತಿದೇವರೂ ಓಡಿಬಂದಿಲ್ಲ.

ಅಡುಗೆ ಅನಿಲದ ಉಜ್ವಲ ಯೋಜನೆ ಬಂತಲ್ಲ ಎನ್ನುವಿರಿ. 2016ರಲ್ಲಿ ಬಂತು, ಸಿಲಿಂಡರೂ ಬಂತು, ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿದೆ. ಕಾಫಿಗೆ, ನೆಂಟರು ಬಂದಾಗ, ಹಬ್ಬಕ್ಕೆ ಹಚ್ಚುತ್ತಾರೆ. ಸ್ನಾನದ ಹಂಡೆಗೆ, ಮುದ್ದೆಯ ಎಸರಿಗೆ, ದನದ ಬೂಸಾಕ್ಕೆ ಒಲೆಯೇ. ಒಲೆಯ ಹೊಗೆಗೆ ಸಬ್ಸಿಡಿ ಬೇಕಿಲ್ಲ, ಬುಕಿಂಗ್ ಬೇಕಿಲ್ಲ.

ಭಾಷೆಯದೂ ಒಂದು ಗೋಳು. ರೋಗಿ "ಎದ ಗೊರಗೊರ ಅಂತುದ, ದಮ್ಮು ಕಟ್ತುದ, ಮನಿಕಂಡ್ರ ಉಸ್ರು ಬರದಿಲ್ಲ" ಎಂದು ಮೂರು ವಾಕ್ಯದಲ್ಲಿ ಮೂರು ರೋಗಲಕ್ಷಣ ಹೇಳುತ್ತಾಳೆ. ಅನುವಾದವಾಗಿ ಕೇಸ್ ಶೀಟಿಗೆ ಇಳಿಯುವುದು ಒಂದೇ ಪದ: 'ಡಿಸ್ನಿಯಾ', ಅಂದರೆ ಉಸಿರಾಟದ ತೊಂದರೆ. 2019ರ ಹೊಸ ಪಠ್ಯಕ್ರಮದ ಆರಂಭಿಕ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಸಬೇಕೆಂದಿದೆ, ಕಲಿಸುತ್ತಾರೆ. ಆದರೆ 'ನಿಮ್ಮ ಹೆಸರೇನು? ಎಲ್ಲಿ ನೋವು?' ಎಂಬ ಗ್ರಾಂಥಿಕ ಕನ್ನಡಕ್ಕೆ ಈ ಕಡೆಯ ಅಜ್ಜಿಯರು ಉತ್ತರ ಕೊಡುವುದು ತಮ್ಮ ಕನ್ನಡದಲ್ಲಿ. ಆ ಕನ್ನಡ ಬೇಕಾದವರು ನಂಜನಗೂಡು ತಾಲ್ಲೂಕಿನವರೇ ಆದ ದೇವನೂರ ಮಹಾದೇವರ 'ಕುಸುಮಬಾಲೆ'ಯನ್ನು ಫಿಸಿಯಾಲಜಿ ಪುಸ್ತಕದ ಪಕ್ಕ ಇಟ್ಟುಕೊಳ್ಳಬೇಕು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಕೊಟ್ಟಾಗಿದೆ, ವೈದ್ಯಕೀಯ ಆಯೋಗ ಮನ್ನಣೆ ಕೊಡುವುದಷ್ಟೇ ಬಾಕಿ.

ಕಣ್ಣನ್ನು ನಂಬುವುದು ಬೇಡ, ಯಂತ್ರ ನಂಬೋಣ ಎಂದರೆ ಅದರ ಪುರಾಣ ಇನ್ನೊಂದು. ಬಟ್ಟೆ ಕ್ಲಿಪ್ಪಿನಂತೆ ಬೆರಳು ಕಚ್ಚುವ ಪಲ್ಸ್ ಆಕ್ಸಿಮೀಟರಿನ ಮೂಲತತ್ವ ಕಂಡುಹಿಡಿದವರು ಜಪಾನಿನ ತಕುವೊ ಅಯೊಯಾಗಿ, 1974ರಲ್ಲಿ. ಬೆರಳೊಳಗೆ ಎರಡು ಬೆಳಕು ಹಾಯುತ್ತದೆ: 660 ನ್ಯಾನೊಮೀಟರಿನ ಕೆಂಪು, 940ರ ಸುಮಾರಿನ ಅವಗೆಂಪು. ಆಮ್ಲಜನಕ ಹೊತ್ತ ರಕ್ತ ಒಂದನ್ನು ಹೆಚ್ಚು ನುಂಗುತ್ತದೆ, ಹೊರದ ರಕ್ತ ಇನ್ನೊಂದನ್ನು. ಅನುಪಾತ ನೋಡಿ ಯಂತ್ರ ರಕ್ತದ ಆಮ್ಲಜನಕ ನೂರಕ್ಕೆ ಎಷ್ಟು ಎಂಬ ಅಂಕಿ ಹೇಳುತ್ತದೆ. 2020ರ ಏಪ್ರಿಲ್‌ನಲ್ಲಿ, ಇಡೀ ಲೋಕ ಈ ಕ್ಲಿಪ್ಪಿಗಾಗಿ ಮೆಡಿಕಲ್ ಶಾಪಿನ ಮುಂದೆ ನಿಂತಿದ್ದಾಗ ಅಯೊಯಾಗಿ ತೀರಿಕೊಂಡರು. ಅದೇ ಹೊತ್ತಿಗೆ ನಂಜನಗೂಡು ರಾಜ್ಯದ ಸುದ್ದಿಯಲ್ಲಿತ್ತು. ಔಷಧ ತಯಾರಿಸುವ ಕಾರ್ಖಾನೆಯೊಂದರಿಂದಲೇ ಕೊರೊನಾ ಹಬ್ಬಿ 70ಕ್ಕೂ ಹೆಚ್ಚು ಮಂದಿಗೆ ತಗುಲಿತ್ತು. ನಂಜಿನ ಊರು, ಮದ್ದಿನ ಕಾರ್ಖಾನೆ, ಸೋಂಕು ಅಲ್ಲಿಂದಲೇ. ವ್ಯಂಗ್ಯ ಬರೆಯುವವರಿಗೆ ಕೆಲಸವೇ ಉಳಿಯಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಮೆರಿಕದ ವೈದ್ಯರ ಪತ್ರವೊಂದು ಬಂತು. ಕ್ಲಿಪ್ಪು 92ರಿಂದ 96 ಎಂದು ಧೈರ್ಯ ಹೇಳುತ್ತಿದ್ದಾಗಲೇ ಧಮನಿಯ ರಕ್ತ ತೆಗೆದು ನೋಡಿದರೆ 88ಕ್ಕಿಂತ ಕೆಳಗೆ! ಬಿಳಿಯರಲ್ಲಿ ಇಂಥ ಮೋಸ ನೂರಕ್ಕೆ 3.6, ಕಪ್ಪು ಜನರಲ್ಲಿ 11.7. ಯಂತ್ರಕ್ಕೆ ಜಾತಿಯಿಲ್ಲ, ಮತವಿಲ್ಲ, ಆದರೆ ಬಣ್ಣ ಮಾತ್ರ ಚೆನ್ನಾಗಿ ಗೊತ್ತು. ಯಾಕೆಂದು ನೋಡಿದರೆ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ 2013ರ ಮಾರ್ಗದರ್ಶನದ ಪ್ರಕಾರ ಇಂಥ ಯಂತ್ರವನ್ನು ಹತ್ತು ಜನರ ಮೇಲೆ ಪರೀಕ್ಷಿಸಿದರೆ ಸಾಕಿತ್ತು, ಅವರಲ್ಲಿ ಇಬ್ಬರು ಕಪ್ಪಗಿದ್ದರೆ ಆಯಿತು. ಊರ ಪಂಕ್ತಿಯ ಸಾರಿಗೆ ಉಪ್ಪು ಸರಿಯಿದೆಯೇ ಎಂದು ನಾವು ಇದಕ್ಕಿಂತ ಹೆಚ್ಚು ಜನರನ್ನು ಕೇಳುತ್ತೇವೆ. ಮಾಪನ ತಿದ್ದಲು 2025ರ ಜನವರಿಯಲ್ಲಿ ಹೊಸ ಕರಡು ಹೊರಟಿದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡ್ರಾಯರಿನಲ್ಲಿರುವ ಹಳೆಯ ಕ್ಲಿಪ್ಪಿಗೆ ಆ ಸುದ್ದಿ ತಲುಪಿಲ್ಲ.

ತಿ. ನರಸೀಪುರದವರಿಗೆ ಸಣ್ಣ ವ್ಯತ್ಯಾಸದ ಬೆಲೆ ಗೊತ್ತು. ಕಾವೇರಿ, ಕಪಿಲೆ ಕೂಡುವ ಅವರ ತಿರುಮಕೂಡಲು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಪುಣ್ಯದ್ದೆಂದು ಪ್ರತೀತಿ. ದೇವರ ಹೆಸರೇ ಗುಂಜಾ ನರಸಿಂಹ. ಪುಣ್ಯದಲ್ಲಿ ಗುಲಗಂಜಿ ಹೆಚ್ಚಾದರೆ ಮೂರು ವರ್ಷಕ್ಕೊಮ್ಮೆ ಕುಂಭಮೇಳ. ಆಮ್ಲಜನಕದಲ್ಲಿ ಗುಲಗಂಜಿ ಕಡಿಮೆಯಾದರೆ ಮೂರು ದಿನಕ್ಕೆ ತಿಥಿಯ ಮಾತು.

ಸುಳ್ಳು ಧೈರ್ಯ ಹೇಳುವುದರಲ್ಲಿ ಕ್ಲಿಪ್ಪನ್ನೂ ಮೀರಿಸಿದ ಯಂತ್ರ ಒಂದಿದೆ. ಅದರ ಹೆಸರು ಸರ್ಕಾರ. ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗುವ ದಾರಿ ನಂಜನಗೂಡನ್ನು ಹಾಯ್ದೇ ಹೋಗುತ್ತದೆ. 2021ರ ಮೇ 2ರ ರಾತ್ರಿ ಆ ದಾರಿಯಲ್ಲಿ ಬರಬೇಕಾದ ಆಮ್ಲಜನಕದ ಸಿಲಿಂಡರುಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತರು. ಆಮ್ಲಜನಕ ಇಲ್ಲದೆ ಸತ್ತವರು 3 ಜನ ಎಂದರು ಸಚಿವರು. ಹೈಕೋರ್ಟ್ ನೇಮಿಸಿದ ಸಮಿತಿ, ಆ ರಾತ್ರಿ ಗಂಟೆಗಟ್ಟಲೆ ಆಮ್ಲಜನಕವೇ ಇರಲಿಲ್ಲ ಎಂದು ವರದಿ ಕೊಟ್ಟಿತು. ಜುಲೈನಲ್ಲಿ ದಿಲ್ಲಿಯ ಯಂತ್ರ ಇನ್ನೂ ಚೆನ್ನಾಗಿ ಕೆಲಸ ಮಾಡಿತು: ಆಮ್ಲಜನಕದ ಕೊರತೆಯಿಂದ ಸತ್ತವರ ಬಗ್ಗೆ ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂದು ರಾಜ್ಯಸಭೆಗೆ ಉತ್ತರ. ರಕ್ತ ಒಂದು ಹೇಳುತ್ತದೆ, ಪರದೆಯ ಮೇಲೆ ಇನ್ನೊಂದು ಮೂಡುತ್ತದೆ. ಕ್ಲಿಪ್ಪು ನಾಲ್ಕೋ ಎಂಟೋ ಅಂಶ ತಪ್ಪಿದ್ದಕ್ಕೆ ಅಮೆರಿಕದಲ್ಲಿ ಗಲಾಟೆಯಾಯಿತು. ಇಲ್ಲಿ 24 ಹೋಗಿ 3 ಆಗಿ, 3 ಹೋಗಿ ಸೊನ್ನೆಯಾದರೂ ಯಂತ್ರ ಬದಲಿಸುವ ಮಾತಿಲ್ಲ.

ಬಿಳಿ ಕೋಟಿನ ಮಕ್ಕಳೇ, ನಿಮ್ಮನ್ನು ಗೇಲಿ ಮಾಡಿದ್ದು ಸಾಕು. ಮುಂದಿನ ಸಲ ಕಪಿಲೆಯ ಈಚೆಗೋ ಆಚೆಗೋ ಬಸ್ಸಿಳಿದಾಗ ಇಷ್ಟು ಮಾಡಿ. ತುಟಿ ನೋಡುವ ಮೊದಲು ಎಲೆಅಡಿಕೆ ಉಗುಳಿಸಿ, ಬಾಯಿ ಮುಕ್ಕಳಿಸಲು ನೀರು ಕೊಡಿ. ನಾಲಗೆ ನೋಡಿ, ತುಟಿಯ ಒಳಮಗ್ಗುಲು ನೋಡಿ, ಕೆಳರೆಪ್ಪೆ ಎಳೆದು ನೋಡಿ. ಕೈಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಕ್ಲಿಪ್ಪು 94 ಎನ್ನುತ್ತಿದ್ದು, ಅಜ್ಜಿ ಒಂದು ಮಾತು ಮುಗಿಸುವುದರಲ್ಲಿ ಎರಡು ಸಲ ಉಸಿರೆಳೆದುಕೊಂಡರೆ, ಅಜ್ಜಿಯನ್ನು ನಂಬಿ. ಹೆಂಗಸಿಗೆ ಬೀಡಿಯ ಪ್ರಶ್ನೆ ಕೇಳಿದ ಮೇಲೆ ಇನ್ನೊಂದು ಕೇಳಿ: "ದಿನಕ್ಕೆ ಎಷ್ಟು ಹೊತ್ತು ಒಲೆ ಮುಂದೆ ಕೂರ್ತೀಯವ್ವ, ಎಷ್ಟು ವರ್ಷದಿಂದ?" ಎರಡನ್ನೂ ಗುಣಿಸಿ.

ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ, ಸಿಲಿಂಡರೂ ಬೇಡ. ಕನ್ನಡ ಬಂದರೆ ಸಾಕು.